ಉಲ್ಟಾ ಪ್ರದಕ್ಷಿಣೆ

"ಸಾರ್, ನೀವು ಉಲ್ಟಾ ಹೋಗ್ತಾ ಇದೀರ."

ಮೈಸೂರಿನ ಚೆಲುವಾಂಬ ಪಾರ್ಕಿನಲ್ಲಿ ಬೆಳಿಗ್ಗೆ ಆರೂಕಾಲಿಗೆ ಈ ಮಾತು ಕಿವಿಗೆ ಬಿದ್ದಾಗ ನಾನು ಮೊದಲು ನೋಡಿಕೊಂಡದ್ದು ನನ್ನ ಸ್ವೆಟರನ್ನು. ಹೆಂಡತಿಯ ನಿದ್ದೆ ಕೆಡಬಾರದೆಂದು ದೀಪ ಹಾಕದೆ, ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ತೊಟ್ಟು ಹೊರಡುವವನು ನಾನು. ಹೊಲಿಗೆ ಹೊರಗಾಗಿರುವುದು ಹೊಸದೇನಲ್ಲ. ಅವತ್ತು ಸ್ವೆಟರು ಸರಿಯಾಗಿಯೇ ಇತ್ತು. ಉಲ್ಟಾ ಇದ್ದವನು ನಾನೇ. ಬಂದವರೆಲ್ಲ ಪಾರ್ಕನ್ನು ಬಲಗೈಗೆ ಇಟ್ಟುಕೊಂಡು, ದೇವಸ್ಥಾನ ಸುತ್ತುವ ಹಾಗೆ ಸುತ್ತುತ್ತಿದ್ದರು. ನಾನೊಬ್ಬ ಎಡಗೈಗೆ ಇಟ್ಟುಕೊಂಡು ಎದುರಿನಿಂದ ಬರುತ್ತಿದ್ದೆ. ಹೇಳಿದವರು ನೀಲಿ ಟೋಪಿ, ಬಿಳಿ ಟೀ ಶರ್ಟಿನ ಒಬ್ಬರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಹೇಳಿ ನಿಲ್ಲಲಿಲ್ಲ, ನಿಂತರೆ ಹೆಜ್ಜೆಯ ಲೆಕ್ಕ ತಪ್ಪುತ್ತಿತ್ತೇನೋ. ಕೈಗಡಿಯಾರ ನೋಡಿಕೊಂಡು ಮುಂದೆ ಹೋದರು. ನಾಲ್ಕು ನಿಮಿಷಕ್ಕೆ ಪಾರ್ಕಿನ ಆಚೆ ಬದಿಯಲ್ಲಿ ಮತ್ತೆ ಎದುರಾದರು. ಈ ಸಲ ಬಾಯಿ ಬಿಡಲಿಲ್ಲ, ತೋರುಬೆರಳನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ ತೋರಿಸಿದರು. ಉಲ್ಟಾ ಸುತ್ತುವುದರಲ್ಲಿ ಇರುವ ತೊಂದರೆಯೇ ಇದು. ಜೊತೆಯಲ್ಲಿ ಸುತ್ತುವವರು ಒಮ್ಮೆಯೂ ಮುಖ ನೋಡಬೇಕಾಗಿಲ್ಲ. ಬೈಯುವವರು ಮಾತ್ರ ಸುತ್ತಿಗೆ ಎರಡು ಸಲ ಸಿಗುತ್ತಾರೆ.

ಇಂಥ ಮಾತಿಗೆ ತಕ್ಕ ಉತ್ತರ ಆ ಜಾಗದಲ್ಲಿ ನನಗೆ ಎಂದೂ ಹೊಳೆದದ್ದಿಲ್ಲ. ಮನೆಗೆ ಬಂದು ಕಾಫಿ ಲೋಟ ಕೈಗೆ ಬಂದ ಮೇಲೆ ಹೊಳೆಯುತ್ತದೆ. "ಒಲಿಂಪಿಕ್ಸ್‌ನಲ್ಲಿ ಓಡೋರೆಲ್ಲ ಎಡಕ್ಕೇ ಸುತ್ತೋದು ಸ್ವಾಮಿ, ಅವರಿಗೂ ಹೋಗಿ ಹೇಳಿ" ಎಂದು ಅಡುಗೆಮನೆಯ ಗೋಡೆಗೆ ಹೇಳಿದೆ. ಹೆಂಡತಿ ದೋಸೆ ಮಗುಚುತ್ತಾ, "ನೀವು ಓಡೋ ಚೆಂದಕ್ಕೆ ಒಲಿಂಪಿಕ್ಸ್ ಬೇರೆ ಕೇಡು" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಮದುವೇಲಿ ಹೋಮಕುಂಡ ಸುತ್ತುವಾಗಲೂ ನೀವು ಎಡಕ್ಕೇ ಹೊರಟಿದ್ರಿ. ಪುರೋಹಿತರು ರಟ್ಟೆ ಹಿಡಿದು ತಿರುಗಿಸಿದ್ರು" ಎಂದು ಸೇರಿಸಿದಳು. ಮೂವತ್ತೈದು ವರ್ಷ ಈ ಸಾಕ್ಷಿಯನ್ನು ಎಲ್ಲಿ ಜೋಪಾನ ಮಾಡಿದ್ದಳೋ.

ನನ್ನದೇನೂ ತಪ್ಪಿಲ್ಲ. ನಮ್ಮೂರೇ ಎಡಕ್ಕೆ ತಿರುಗಿದ ಊರು. ಕಾಗದಪತ್ರದಲ್ಲಿ ಕೃಷ್ಣರಾಜನಗರ, ಬಸ್ಸಿನ ಬೋರ್ಡಿನಲ್ಲಿ ಕೆ.ಆರ್. ನಗರ, ನಮ್ಮಜ್ಜಿಯ ಬಾಯಲ್ಲಿ ಮಾತ್ರ ಕಡೆಯವರೆಗೂ ಎಡತೊರೆ. ಕಾವೇರಿ ಅಲ್ಲಿ ಎಡಕ್ಕೆ ಹೊರಳುವುದರಿಂದ ಆ ಹೆಸರು ಬಂತು ಎನ್ನುತ್ತಾರೆ. ಹೊಳೆದಂಡೆಯ ಅರ್ಕೇಶ್ವರನ ಗುಡಿಯ ಸುತ್ತ ಇದ್ದ ಹಳೇ ಊರಿಗೆ ಮಳೆಗಾಲದಲ್ಲಿ ಹೊಳೆ ನುಗ್ಗುತ್ತಿತ್ತು. 1924ರಲ್ಲಂತೂ ಕಾವೇರಿ ಉಕ್ಕಿದ್ದನ್ನು ಕೊಡಗಿನಿಂದ ತಂಜಾವೂರಿನವರೆಗೆ ಕಂಡವರು ಸಾಯುವ ತನಕ ಹೇಳಿಕೊಂಡರು. ಆ ದಶಕದಲ್ಲೇ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಊರನ್ನು ಹೊಳೆಯಿಂದ ಈಚೆಗೆ ತಂದು, ನೂಲು ಹಿಡಿದ ಹಾಗೆ ನೇರವಾದ, ಎರಡು ಜೋಡಿ ಗಾಡಿ ಎದುರುಬದುರು ಬಂದರೂ ಎತ್ತಿನ ಕೊಂಬು ತಾಗದಷ್ಟು ಅಗಲವಾದ ಬೀದಿಗಳನ್ನು ಹಾಕಿಸಿತು. ಮಹಾರಾಜರ ಹೆಸರು ಹೊಸ ಊರಿಗೆ ಬಂತು. "ಹೊಳೆಗೆ ಹೆದರಿ ಗಂಟುಮೂಟೆ ಕಟ್ಟಿದೋರು ಕಣಪ್ಪ ನಾವು" ಎಂದು ಅಜ್ಜಿ ಹೇಳುತ್ತಿದ್ದಳು, ಹೊಳೆ ಇನ್ನೂ ಬೆನ್ನ ಹಿಂದೆ ಬರುತ್ತಿದೆಯೇನೋ ಎಂಬ ಹಾಗೆ ಒಮ್ಮೆ ತಿರುಗಿ ನೋಡಿ.

ಹಾಗೆ ನೀರಿಗೆ ಹೆದರಿ ಓಡಿಬಂದ ಊರಿನ ಪಾರ್ಕಿನ ನಡುವೆ ಒಂದು ಕಾರಂಜಿ ಇತ್ತು. ಅದರಲ್ಲಿ ತೊಟ್ಟು ನೀರಿರಲಿಲ್ಲ.

ನಮ್ಮ ಪಾಲಿಗೆ ಅದು ಬರೀ 'ಪಾರ್ಕು'. ಎದೆಮಟ್ಟದ ಕಂಬಿಬೇಲಿ, ದನ ನುಗ್ಗದಂತೆ ಗಿರಗಿರ ತಿರುಗುವ ನಾಲ್ಕು ತೋಳಿನ ಗೇಟು, ಕ್ರೋಟನ್ ಗಿಡಗಳು, ಕಣಗಿಲೆ, ನಂದಿಬಟ್ಟಲು, ಕೂತರೆ ಬೆಳಿಗ್ಗೆ ತಣ್ಣಗೆ, ಸಂಜೆ ಬೆಚ್ಚಗೆ ಇರುವ ಸಿಮೆಂಟು ಬೆಂಚುಗಳು, ಒಂದು ಜಾರುಬಂಡೆ. ಜಾರುಬಂಡೆಯೂ ಸಿಮೆಂಟಿನದೇ. ಅದರ ಮೇಲೆ ಜಾರಿ ಜಾರಿ ನನ್ನ ಎರಡೂ ಖಾಕಿ ಚಡ್ಡಿಗಳ ಹಿಂಭಾಗ ಸೊಳ್ಳೆಪರದೆಯಂತಾಗಿ, ಅಮ್ಮ ಕಡೆಗೆ ಅಪ್ಪನ ಮುರಿದ ಕೊಡೆಯ ಬಟ್ಟೆ ಕತ್ತರಿಸಿ ತೇಪೆ ಹಾಕಿದಳು. ಕೊಡೆಬಟ್ಟೆ ನುಣುಪು. ಮೇಲಿನಿಂದ ಬಿಟ್ಟರೆ ಜಾರುಬಂಡೆ ಮುಗಿದ ಮೇಲೂ ಮಾರುದ್ದ ಮಣ್ಣಿನಲ್ಲಿ ಹೋಗಿ ನಿಲ್ಲುತ್ತಿದ್ದೆ. ಮೂರೇ ದಿನಕ್ಕೆ ನನ್ನ ಜೊತೆಗಾರರೆಲ್ಲ ಅವರವರ ಮನೆಯ ಕೊಡೆಗಳ ಮೇಲೆ ಕಣ್ಣು ಹಾಕಿದ್ದರು. ಆ ವರ್ಷ ನಮ್ಮ ಬೀದಿಯಲ್ಲಿ ಮಳೆಗಾಲ ಬರುವ ಮುಂಚೆಯೇ ಎರಡು ಕೊಡೆ ಕಾಣೆಯಾದವು.

ಆ ಪಾರ್ಕಿನಲ್ಲಿ ಯಾರೂ ನಡೆಯುತ್ತಿರಲಿಲ್ಲ. ನಡೆಯುವುದು ಬಸ್ಸು ತಪ್ಪಿದವರ ಕೆಲಸ. ಭತ್ತದ ಗದ್ದೆಯ ಬದುವಿನ ಮೇಲೆ ಬೆಳಗಿನಿಂದ ನಡೆದು ಬಂದವರು, ಚುಂಚನಕಟ್ಟೆ ಜಾತ್ರೆಗೆ ದನ ಹೊಡೆದುಕೊಂಡು ನಡೆದವರು, ಸಂಜೆ ಮತ್ತೆ ಪಾರ್ಕಿಗೆ ಬಂದು ನಡೆಯಲು ಅವರಿಗೇನು ಹುಚ್ಚೇ? ಬರುತ್ತಿದ್ದದ್ದು ಕೂರುವುದಕ್ಕೆ. ಒಮ್ಮೆ ಬೆಂಗಳೂರಿನಲ್ಲಿ ನಿವೃತ್ತರಾಗಿ ಊರಿಗೆ ಮರಳಿದ ಅಧಿಕಾರಿಯೊಬ್ಬರು ಕ್ಯಾನ್ವಾಸ್ ಬೂಟು ಹಾಕಿಕೊಂಡು ಬಂದು ಪಾರ್ಕನ್ನು ಬಿರಬಿರನೆ ಸುತ್ತತೊಡಗಿದರು. ಬೆಂಚಿನವರು ಎರಡು ಸುತ್ತು ಸುಮ್ಮನಿದ್ದರು. ಮೂರನೆಯ ಸುತ್ತಿಗೆ ಒಬ್ಬರು ಎದ್ದು, "ಏನ್ ಕಳ್ಕೊಂಡ್ರಿ ಸ್ವಾಮಿ?" ಎಂದು ಕೇಳಿಯೇಬಿಟ್ಟರು. ಇನ್ನಿಬ್ಬರು ಆಗಲೇ ಬಗ್ಗಿ ಹುಡುಕಲು ಶುರುಮಾಡಿದ್ದರು. ಆ ಮಹಾನುಭಾವರು ಆರೋಗ್ಯಕ್ಕೆ ನಡೆಯುತ್ತಿದ್ದೇನೆ ಎಂದು ಹೇಳಲು ನಾಚಿಕೊಂಡು "ಉಂಗುರ" ಎಂದರು. ಅಲ್ಲಿಗೆ ಕೆಟ್ಟಿತು. ಕತ್ತಲಾಗುವವರೆಗೂ ಅರ್ಧ ಊರು ಕಂಬಿಬೇಲಿಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಹುಲ್ಲು ಬಿಡಿಸಿ ನೋಡಿತು. ಹುಡುಗರಾದ ನಮಗೆ ಎರಡು ಗೋಲಿ, ಒಂದು ಐದು ಪೈಸೆ ಸಿಕ್ಕಿತು. ಅವರ ಬೂಟನ್ನು ಪಾರ್ಕು ಮತ್ತೆ ಕಾಣಲಿಲ್ಲ.

ಕಾರಂಜಿಯ ವಿಷಯಕ್ಕೆ ಬರುತ್ತೇನೆ. ದುಂಡನೆಯ ತೊಟ್ಟಿ, ಅದರ ನಡುವೆ ಒಂದು ಕಲ್ಲುಗುಡ್ಡೆ, ಅದರ ಮೇಲೆ ಕತ್ತೆತ್ತಿ ಆಕಾಶ ನೋಡುವ ಸಿಮೆಂಟಿನ ಕೊಕ್ಕರೆ. ಕೊಕ್ಕಿನೊಳಗಿಂದ ತುಕ್ಕು ಹಿಡಿದ ಕೊಳವೆಯ ತುದಿ ಒಂದು ಅಂಗುಲ ಈಚೆಗೆ ಬಂದಿತ್ತು. ದೂರದಿಂದ ನೋಡಿದವರಿಗೆ ಕೊಕ್ಕರೆ ಬೀಡಿ ಸೇದುತ್ತಿರುವಂತೆ ಕಾಣುತ್ತಿತ್ತು. ತೊಟ್ಟಿಯಲ್ಲಿ ಒಣಗಿದ ಎಲೆ, ಕಡ್ಲೆಕಾಯಿ ಸಿಪ್ಪೆ, ವರ್ಷಕ್ಕೊಮ್ಮೆ ಮರಿ ಹಾಕುವ ಒಂದು ನಾಯಿ. ಇದಕ್ಕೆಲ್ಲ ಕಾರಣ ಏನೆಂದು ನನಗೆ ಗೊತ್ತಾದದ್ದು ನಾಲ್ಕನೆಯ ಕ್ಲಾಸಿನಲ್ಲಿ, ಶಾಲೆಯಿಂದ ಬೃಂದಾವನಕ್ಕೆ ಪ್ರವಾಸ ಹೋದಾಗ.

ಮೇಷ್ಟ್ರು ಬಸ್ಸಿನಲ್ಲೇ ಪಾಠ ಮಾಡಿಕೊಂಡು ಬಂದಿದ್ದರು. ದಿವಾನರಾದ ಮಿರ್ಜಾ ಇಸ್ಮಾಯಿಲ್ ಸಾಹೇಬರು 1927ರಲ್ಲಿ ಶುರುಮಾಡಿಸಿದ್ದು, 1932ಕ್ಕೆ ಮುಗಿದದ್ದು, ಅರವತ್ತು ಎಕರೆ, ಕಾಶ್ಮೀರದ ಶಾಲಿಮಾರ್ ತೋಟದ ಮಾದರಿ. ನನಗೆ ಬೇಕಾಗಿದ್ದದ್ದು ಚಿತ್ರಾನ್ನದ ಡಬ್ಬಿ ಯಾವಾಗ ಬಿಚ್ಚುತ್ತಾರೆ ಎಂಬುದು. ಆದರೆ ಸಂಜೆಗತ್ತಲಲ್ಲಿ ದೀಪ ಹತ್ತಿ, ಅಷ್ಟೂ ಕಾರಂಜಿಗಳು ಒಟ್ಟಿಗೆ ಎದ್ದು ನಿಂತಾಗ, ಕೆಂಪು ನೀರು ಹಸಿರಾಗಿ, ಹಸಿರು ನೀಲಿಯಾದಾಗ, ನನಗೆ ಸಂತೋಷದ ಬದಲು ಸಿಟ್ಟು ಬಂತು. ಬೃಂದಾವನದ ಮೇಲಿನ ಕನ್ನಂಬಾಡಿ ಕಟ್ಟೆಗೆ ಬರುವುದು ಕಾವೇರಿ. ಕಾವೇರಿ ಮೊದಲು ಹರಿಯುವುದು ನಮ್ಮೂರ ಮುಂದೆ. ಅಂದಮೇಲೆ ನಮ್ಮ ಕೊಕ್ಕರೆಗೆ ಸೇರಬೇಕಾದ ನೀರನ್ನು ಇವರು ಇಲ್ಲಿಗೆ ಹೊಡೆದುಕೊಂಡು ಬಂದು ಬಣ್ಣ ಹಾಕಿಕೊಂಡು ಕುಣಿಸುತ್ತಿದ್ದಾರೆ! ಮನೆಗೆ ಬಂದು ಅಪ್ಪನಿಗೆ ಈ ಅನ್ಯಾಯವನ್ನು ವರದಿ ಮಾಡಿದೆ. ಅಪ್ಪ ಪೇಪರಿನಿಂದ ಕಣ್ಣು ತೆಗೆಯದೆ, "ನೀರು ಇಳಿಜಾರಿಗೆ ಹೋಗುತ್ತೆ ಕಣೋ" ಎಂದರು. ಈ ಉತ್ತರದಲ್ಲಿ ಭೌತಶಾಸ್ತ್ರ ಇತ್ತೇ ಹೊರತು ನ್ಯಾಯ ಇರಲಿಲ್ಲ.

ಆದರೆ ನಮ್ಮ ಪಾರ್ಕಿನಲ್ಲಿ ಕಾರಂಜಿಯೇ ಇರಲಿಲ್ಲ ಎಂದರೆ ಸುಳ್ಳಾದೀತು. ಮೂಲೆಯಲ್ಲಿ ಒಂದು ಉಚ್ಚೆಕಾಯಿ ಮರ ಇತ್ತು. ಸಭ್ಯರು ನೀರುಕಾಯಿ ಮರ ಎನ್ನುತ್ತಾರೆ. ಆಫ್ರಿಕದಿಂದ ಬಂದು ನಮ್ಮ ಸೀಮೆಯ ಸಾಲುಮರವಾದದ್ದು. ಬೆಂಕಿ ಹಚ್ಚಿದಂತೆ ಕೆಂಪಗೆ ಹೂಬಿಡುತ್ತದೆ. ನಮಗೆ ಹೂವು ಬೇಕಿರಲಿಲ್ಲ, ಬೇಕಾದದ್ದು ಮೊಗ್ಗು. ಕಂದುಬಣ್ಣದ, ಮುಟ್ಟಿದರೆ ಮಕಮಲ್ಲಿನಂಥ, ಪುಟ್ಟಬಾಳೆಯ ಹಾಗೆ ಬಾಗಿದ ಮೊಗ್ಗು. ಗೊಂಚಲಿನಲ್ಲಿ ನಡುವಿನವು ಎಳೆಯವು, ಗಟ್ಟಿ, ಸುತ್ತಲಿನವು ಬಲಿತವು. ಬಲಿತದ್ದನ್ನು ಕಿತ್ತು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಬೇಕು. ತುಂಬಿದ್ದರೆ ಸದ್ದು ಬರುವುದಿಲ್ಲ. ಆಮೇಲೆ ತುದಿಯನ್ನು ಉಗುರಿನಲ್ಲಿ ಚೂರೇ ಚೂರು ಚಿವುಟಿ, ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಒತ್ತಿದರೆ ಕೂದಲೆಳೆಯಂಥ ನೀರು ಚಿರ್ರೆಂದು ಒಂದು ಮಾರು ದೂರಕ್ಕೆ ಹಾರುತ್ತದೆ. ಜಾಸ್ತಿ ಚಿವುಟಿದರೆ ಸುಮ್ಮನೆ ಕೈಮೇಲೆ ಸೋರುತ್ತದೆ. ಈ 'ಚೂರೇ ಚೂರು' ಎಷ್ಟು ಎಂಬುದನ್ನು ಕಲಿಯಲು ನನಗೆ ಎರಡು ಬೇಸಿಗೆ ಹಿಡಿಯಿತು. ನಾನು ಪೂರ್ತಿಯಾಗಿ ಕಲಿತು ಮುಗಿಸಿದ ವಿದ್ಯೆ ಎಂದರೆ ಅದೊಂದೇ. ಆಮೇಲಿನ ಬಿ.ಕಾಂ. ಎಲ್ಲ ಹೇಗೋ ದಾಟಿದ್ದು.

ಪಾರ್ಕಿನ ರಾಜ ಮಾಲಿ. ಮಂಡಿಯವರೆಗಿನ ಖಾಕಿ ನಿಕ್ಕರು, ಹೆಗಲ ಮೇಲೆ ಟವಲು, ಕೈಯಲ್ಲಿ ಹುಣಿಸೆ ಬರಲು. ಹುಲ್ಲು ತುಳಿದರೆ ಅಟ್ಟಿಸಿಕೊಂಡು ಬರುತ್ತಿದ್ದ. ಬರಲಿಗೆ ನಾವು ಹೆದರುತ್ತಿರಲಿಲ್ಲ. ಕಾರಂಜಿಯ ತೊಟ್ಟಿ ಸುತ್ತ ಓಡಿದರೆ ಸಾಕು. ಅವನು ಬಲಕ್ಕೆ ಬಂದರೆ ನಾವು ಎಡಕ್ಕೆ. ಅವನ ನಿಜವಾದ ಆಯುಧ ಬೇರೆ ಇತ್ತು. ರೇಡಿಯೋ ಕೋಣೆಯ ಬೀಗದಕೈ.

ಈಗಿನವರಿಗೆ ಇದನ್ನು ವಿವರಿಸಬೇಕು. ಮನೆಮನೆಗೆ ರೇಡಿಯೋ ಇಲ್ಲದ ಕಾಲಕ್ಕೆ ನಮ್ಮ ಕಡೆಯ ಊರುಗಳ ಪಾರ್ಕುಗಳಲ್ಲಿ ಊರಿಗೆಲ್ಲ ಸೇರಿ ಒಂದು ರೇಡಿಯೋ ಇರುತ್ತಿತ್ತು. ಪುಟ್ಟ ಕೋಣೆಯೊಳಗೆ ಪೆಟ್ಟಿಗೆ, ಹೊರಗೆ ಕಂಬದ ಮೇಲೆ ಧ್ವನಿವರ್ಧಕ. ಸಂಜೆ ಮಾಲಿ ಬಂದು ಬೀಗ ತೆಗೆದು ಕಿವಿ ಹಿಂಡಿದರೆ ಗೊರಗೊರ ಎಂದು ಗಂಟಲು ಸರಿಮಾಡಿಕೊಂಡು ಬೆಂಗಳೂರು ಮಾತಾಡುತ್ತಿತ್ತು. ರೈತರ ಕಾರ್ಯಕ್ರಮ, ಪ್ರದೇಶ ಸಮಾಚಾರ, ಪುಣ್ಯವಿದ್ದ ದಿನ ಚಿತ್ರಗೀತೆ. ಅಡಿಕೆಲೆ ಹಾಕಿಕೊಂಡು, ಚೌಕ ಹಾಸಿಕೊಂಡು ಕೂತ ಊರು ಒಟ್ಟಿಗೆ ಕೇಳುತ್ತಿತ್ತು. ನಾವು ಹೂವಿನ ಪಾತಿ ತುಳಿದೆವೋ, ಮಾಲಿ ಅಟ್ಟಿಸಿಕೊಂಡು ಬರುತ್ತಿರಲಿಲ್ಲ. ನೆಟ್ಟಗೆ ಕೋಣೆಗೆ ಹೋಗಿ, ಪಿ.ಬಿ. ಶ್ರೀನಿವಾಸರು ಎರಡನೆಯ ಚರಣಕ್ಕೆ ಉಸಿರು ಎಳೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಕಿವಿ ತಿರುಗಿಸಿ, ಬೀಗ ಹಾಕಿ, ಹೊರಗೆ ಬಂದು ಬೀಡಿ ಹಚ್ಚುತ್ತಿದ್ದ. ಮಿಕ್ಕದ್ದನ್ನು ಊರು ನೋಡಿಕೊಳ್ಳುತ್ತಿತ್ತು. ನನ್ನ ಬಲಗಿವಿಯನ್ನು ಹಿಂಡಿದವರಲ್ಲಿ ಅಕ್ಕಿ ಗಿರಣಿಯವರಿದ್ದರು, ಪೋಸ್ಟಿನವರಿದ್ದರು, ಒಂದು ಸಲ ಸ್ವತಃ ನಮ್ಮಪ್ಪನೂ ಇದ್ದರು.

1973ರ ನವೆಂಬರ್ ಒಂದು ಆ ಕಂಬದ ಕೆಳಗೇ ನಮಗೆ ಬಂತು. ಅವತ್ತಿನಿಂದ ಮೈಸೂರು ರಾಜ್ಯ ಕರ್ನಾಟಕವಾಯಿತು ಎಂದು ಸುದ್ದಿ. ಮುಖ್ಯಮಂತ್ರಿ ದೇವರಾಜ ಅರಸರು ಪಕ್ಕದ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಅವರ ಹೆಸರು ಬಂದಾಗಲೆಲ್ಲ ಬೆಂಚಿನ ಮೇಲಿನವರು 'ನಮ್ಮೋರು' ಎಂಬಂತೆ ಸ್ವಲ್ಪ ನೆಟ್ಟಗೆ ಕೂರುತ್ತಿದ್ದರು. ಅವತ್ತು ಒಬ್ಬ ಮುದುಕರಿಗೆ ಮಾತ್ರ ಗಲಿಬಿಲಿಯಾಯಿತು. "ಹಂಗಾರೆ ನಾವೀಗ ಮೈಸೂರ್‌ನಲ್ಲಿ ಇಲ್ವಾ?" ಎಂದು ಕೇಳಿದರು. ಪೋಸ್ಟಿನವರು, ಇದ್ದಲ್ಲೇ ಇದ್ದೀರಿ, ಹೆಸರು ಮಾತ್ರ ಬದಲಾಗಿದೆ ಎಂದು ತಿಳಿಹೇಳಿದರು. ಮುದುಕರು, "ನಮಗೇನ್ ಹೊಸದಾ ಬುಡಿ, ಎಡತೊರೆಯೋರು ಕೆ.ಆರ್. ನಗರದೋರಾಗ್ಲಿಲ್ವಾ" ಎಂದು ಟವಲು ಕೊಡವಿ ಎದ್ದರು. ನಾನು ಮನೆಗೆ ಓಡಿ, ಹೊಸ ನೋಟ್‌ಬುಕ್ಕಿನ ಮೇಲೆ ಬರೆದಿದ್ದ ವಿಳಾಸದಲ್ಲಿ 'ಮೈಸೂರು ರಾಜ್ಯ, ಭಾರತ, ಏಷ್ಯಾ, ಭೂಮಿ' ಎಂಬುದನ್ನು ತಿದ್ದಿದೆ. ಉಳಿದ ಮೂರು ಹಾಗೇ ಇದ್ದವು.

ಅದರ ಮರುವರ್ಷ ತಾತ ಬಂದರು. ಅಮ್ಮನ ಅಪ್ಪ. ಹೆಗ್ಗಡದೇವನಕೋಟೆ ಕಡೆ, ಕಾಕನಕೋಟೆ ಕಾಡಿನ ಅಂಚಿನ ಹಳ್ಳಿ ಅವರದು. ಕಪಿಲೆಗೆ ಕಬಿನಿ ಅಣೆಕಟ್ಟು ಕಟ್ಟಿ ಮುಗಿದು, ಅವರ ಹೊಲ, ತಿಟ್ಟಿನ ಮೇಲಿನ ಮಾರಮ್ಮನ ಗುಡಿ, ಅಜ್ಜಿಯನ್ನು ಮಣ್ಣು ಮಾಡಿದ ಜಾಗ ಎಲ್ಲ ನೀರಿನಡಿಗೆ ಹೋಗಿದ್ದವು. ಅಪ್ಪನ ಕಡೆಯವರು ನೀರಿಗೆ ಹೆದರಿ ಈಚೆ ಬಂದವರಾದರೆ ಅಮ್ಮನ ಕಡೆಯವರನ್ನು ನೀರೇ ಎಬ್ಬಿಸಿ ಕಳಿಸಿತ್ತು. ಬಂದ ಎರಡು ದಿನ ತಾತ ಜಗುಲಿ ಬಿಟ್ಟು ಏಳಲಿಲ್ಲ. ಮೂರನೆಯ ದಿನ ಅಮ್ಮ, "ನಿಮ್ಮ ತಾತನ್ನ ಪಾರ್ಕಿಗೆ ಕರ್ಕೊಂಡು ಹೋಗು" ಎಂದು ನನಗೆ ಹತ್ತು ಪೈಸೆ ಕೊಟ್ಟಳು.

ತಾತ ಗಿರಗಿರ ಗೇಟಿನ ಮುಂದೆ ನಿಂತರು. ಒಂದು ತೋಳು ದೂಡಿದರೆ ಇನ್ನೊಂದು ಬೆನ್ನಿಗೆ ಬಂತು. ಒಳಗೆ ಬಂದವರು ಸುತ್ತ ಕಂಬಿಬೇಲಿ ನೋಡಿದರು, ಕಿರುಚುತ್ತಿದ್ದ ಮಕ್ಕಳನ್ನು ನೋಡಿದರು, ಬರಲು ಹಿಡಿದ ಮಾಲಿಯನ್ನು ನೋಡಿದರು. "ಇದೇನ್ಲಾ ಮಗ, ಊರ್ನಡೂಕೆ ಖೆಡ್ಡ ಮಡ್ಗವ್ರೆ?" ಎಂದರು.

ಬೆಂಚಿನ ಮೇಲೆ ಕೂರಲಿಲ್ಲ. ನೆಲದ ಮೇಲೆ, ಮಾಲಿಯ ಹುಲ್ಲಿನ ಮೇಲೆಯೇ, ಕೂತು ಖೆ‍ಡ್ಡದ ಕತೆ ತೆಗೆದರು. ಸ್ಯಾಂಡರ್ಸನ್ ಎಂಬ ಬಿಳಿ ಸಾಹೇಬ ಮೈಸೂರು ಸೀಮೆಯಲ್ಲಿ 1870ರ ದಶಕದಲ್ಲಿ ಶುರುಮಾಡಿದ ಈ ಆನೆ ಹಿಡಿಯುವ ಕ್ರಮ ಕಾಕನಕೋಟೆಯಲ್ಲಿ 1971ರವರೆಗೂ ನಡೆಯಿತು. ತಾತ ಹರೆಯದಲ್ಲಿ ಸೋವಿನ ಆಳಾಗಿ ಕೂಲಿಗೆ ಹೋಗಿದ್ದವರು. ತಮಟೆ, ದೊಂದಿ, ಬಿದಿರು ಬಡಿಯುವ ಸದ್ದು. ದಿನಗಟ್ಟಲೆ ಮೆಲ್ಲಮೆಲ್ಲಗೆ ಹಿಂಡನ್ನು ಹೊಳೆಯ ಕಡೆಗೆ ಸೋಯುವುದು. ಹಿಂಡು ಕಪಿಲೆಗೆ ಇಳಿದಾಗ ತಾಯಾನೆಗಳು ಮರಿಗಳನ್ನು ಹೊಟ್ಟೆಯಡಿಗೆ ಎಳೆದುಕೊಂಡು ಈಜುವುದು. ದಂಡೆಯ ಅಟ್ಟಣೆಯ ಮೇಲೆ ದೊರೆಗಳೂ ದೊರೆಸಾನಿಗಳೂ ಕೂತು ನೋಡುವುದು. ದಿಮ್ಮಿಗಳ ದೊಡ್ಡಿಯೊಳಗೆ ಕಡೆಯ ಆನೆ ಕಾಲಿಟ್ಟದ್ದೇ ಮೇಲೆ ಕೂತವನು ಹಗ್ಗ ಕಡಿದು, ಬಾಗಿಲು ಧೊಪ್ಪೆಂದು ಬೀಳುವುದು. "ಆಮ್ಯಾಕೆ?" ಎಂದೆ. "ಆಮ್ಯಾಕೆ ಸಾಕಾನೆ ಬತ್ತವೆ. ಕಾಡಾನೆಯ ಅಕ್ಕಪಕ್ಕ ನಿಂತ್ಕಂಡು, ಮೈ ಒರೆಸ್ಕಂಡು, ನಂಟ್ರಂಗೆ ಮಾತಾಡ್ಸಿ ಕಾಲಿಗೆ ಹಗ್ಗ ಹಾಕಿಸ್ತವೆ." ಅಷ್ಟು ಹೊತ್ತಿಗೆ ಅಪ್ಪ ಆಫೀಸು ಮುಗಿಸಿ, ಚೀಲ ಹಿಡಿದು, "ಏಳು, ಮನೆಗೆ ಹೋಗಿ ಮಗ್ಗಿ ಬರಿ" ಎಂದು ನಗುತ್ತಾ ಬೆನ್ನು ಸವರಿದರು. ತಾತ ನನ್ನ ಕಿವಿಯಲ್ಲಿ, "ಬಂತು ನೋಡು ಸಾಕಾನೆ" ಎಂದರು.

ಆಮೇಲೆ ಪಾರ್ಕನ್ನು ಬೇರೆ ರೀತಿ ನೋಡಲು ನನಗೆ ಆಗಲೇ ಇಲ್ಲ. ಸಂಜೆ ಐದಕ್ಕೆ ಊರು ಬೀದಿಬೀದಿಯಿಂದ ಇಳಿದು ಬರುತ್ತದೆ, ಗಿರಗಿರ ಗೇಟಿನಲ್ಲಿ ಒಬ್ಬೊಬ್ಬರಾಗಿ ಒಳಗೆ ಬೀಳುತ್ತಾರೆ, ಎಂಟಕ್ಕೆ ಮಾಲಿ ಸೋವಿನವನಾಗಿ ಹಿಂದಿನಿಂದ ಸದ್ದು ಮಾಡಿಕೊಂಡು ಬರುತ್ತಾನೆ. ಕಾರಾಪುರದ ಮಾವುತರ ಹುಡುಗನೊಬ್ಬ, ಸಾಬು ಅಂತ, ಆನೆ ಮೇಲೆ ಕೂತು ಕೂತೇ 1937ರ ಇಂಗ್ಲಿಷ್ ಸಿನಿಮಾಕ್ಕೆ ಹೋಗಿ ಅಲ್ಲಿಂದ ಅಮೆರಿಕ ಸೇರಿದ ಕತೆಯನ್ನೂ ತಾತನೇ ಹೇಳಿದ್ದು. ನಾನು ನಂಬಲಿಲ್ಲ. ಅದು ಅಕ್ಷರಶಃ ನಿಜ ಎಂದು ದೊಡ್ಡವನಾದ ಮೇಲೆ ಓದಿದಾಗ, ತಾತ ಹೇಳಿದ ಬೇರೆ ಕತೆಗಳನ್ನೆಲ್ಲ ಮತ್ತೊಮ್ಮೆ ವಿಚಾರಣೆಗೆ ತೆಗೆದುಕೊಳ್ಳಬೇಕಾಯಿತು. ಸಾಕ್ಷಿ ಹೇಳಲು ಅವರಿರಲಿಲ್ಲ.

ತಾತ ಇದ್ದಾಗಲೇ ಕೊಕ್ಕರೆಗೆ ಯೋಗ ಕೂಡಿಬಂತು. ಯಾರೋ ಮಂತ್ರಿಗಳು ಬರುತ್ತಾರೆಂದು ತೊಟ್ಟಿಗೆ ಸುಣ್ಣ ಬಳಿದರು. ನಾಯಿಯನ್ನೂ ಮರಿಗಳನ್ನೂ ಗೌರವದಿಂದ ರೇಡಿಯೋ ಕೋಣೆಯ ಹಿಂದಕ್ಕೆ ಸಾಗಿಸಿದರು. ಡ್ರಮ್ಮುಗಳಲ್ಲಿ ನೀರು ತಂದು ಮೇಲೊಂದು ಟ್ಯಾಂಕಿಗೆ ತುಂಬಿಸಿದರು. ಮಂತ್ರಿಗಳು ನಾಲ್ಕು ಗಂಟೆಗೆ ಬರಬೇಕಿತ್ತು, ಮೂರೂವರೆಗೇ ಒಮ್ಮೆ ಪರೀಕ್ಷೆ ಮಾಡೋಣವೆಂದು ಯಾರಿಗೋ ಬುದ್ಧಿ ಬಂತು. ಕೊಳವೆ ಮೊದಲು ಕೆಮ್ಮಿತು. ಆಮೇಲೆ ಒಂದು ಜಿರಲೆ ಈಚೆಗೆ ಬಂದು ಕೊಕ್ಕಿನ ಮೇಲೆ ನಿಂತು ನಮ್ಮೆಲ್ಲರನ್ನೂ ನೋಡಿತು. ಅದರ ಹಿಂದೆಯೇ, ಎಷ್ಟೋ ವರ್ಷದ ತುಕ್ಕನ್ನೆಲ್ಲ ಎಳೆದುಕೊಂಡು, ಕೆಂಪುಗಂದು ನೀರು ಪಿಚಕ್ಕನೆ ಬಂದು ಸುಣ್ಣ ಬಳಿದ ತೊಟ್ಟಿಯ ಮೇಲೆ ಬಿತ್ತು. "ಕೊಕ್ಕರೆ ಎಲೆಅಡ್ಕೆ ಉಗೀತು" ಎಂದು ತಾತ ಗಟ್ಟಿಯಾಗಿ ಹೇಳಿದರು. ಕಬಿನಿ ತುಂಬಿದ ಮೇಲೆ ಅವರು ನಕ್ಕಿದ್ದನ್ನು ಕಂಡದ್ದು ಅದೇ ಮೊದಲು ಎಂದು ಅಮ್ಮ ಆಮೇಲೆ ಹೇಳಿದಳು. ನೀರು ತಿಳಿಯಾಗುವ ಹೊತ್ತಿಗೆ ಟ್ಯಾಂಕು ಬರಿದಾಯಿತು. ಮಂತ್ರಿಗಳು ಐದೂಮುಕ್ಕಾಲಿಗೆ ಬಂದು, ಬೀಡಿ ಸೇದುವ ಕೊಕ್ಕರೆಯನ್ನು ನೋಡಿ, ಬಹಳ ಚೆನ್ನಾಗಿದೆ ಎಂದು ಹೊಗಳಿ ಹೋದರು.

'ಪಾರ್ಕು' ಎಂಬ ಮಾತಿನಿಂದ ನಾನು ಒಮ್ಮೆ ಬೇಸ್ತುಬಿದ್ದದ್ದೂ ಉಂಟು. ಕೆಲಸದ ಮೇಲೆ ಹುಣಸೂರಿನಲ್ಲಿದ್ದಾಗ, 1990ರ ಆಚೀಚೆ, ಜೊತೆಯವರು "ಭಾನುವಾರ ಪಾರ್ಕಿಗೆ ಹೋಗಿ ಬರೋಣ" ಎಂದರು. ನಾನು ಒಗೆದ ಪೈಜಾಮ ಹಾಕಿಕೊಂಡು, ಕಡ್ಲೆಪುರಿ, ಹಾಸಿಕೊಳ್ಳಲು ಒಂದು ಜಮಖಾನ ಹಿಡಿದು ಹೊರಟೆ. ಜೀಪು ವೀರನಹೊಸಹಳ್ಳಿ ಗೇಟು ದಾಟಿದಾಗಲೇ ಗೊತ್ತಾದದ್ದು, ಅವರ ಪಾರ್ಕು ನಾಗರಹೊಳೆ ಎಂದು. 1988ರಲ್ಲಿ ನ್ಯಾಷನಲ್ ಪಾರ್ಕ್ ಆದದ್ದು. 643 ಚದರ ಕಿಲೋಮೀಟರು. ಕಾಕನಕೋಟೆಯ ಕಾಡೂ ಅದರಲ್ಲೇ ಬಂತು. ಗಾಡಿಯಿಂದ ಇಳಿಯುವ ಹಾಗಿಲ್ಲ, ಮಾತಾಡುವ ಹಾಗಿಲ್ಲ, ತಿನ್ನುವ ಹಾಗಿಲ್ಲ. ಮಾಲಿ ಕೂಡ ಇಷ್ಟು ಕಟ್ಟುನಿಟ್ಟಿರಲಿಲ್ಲ. ಜಮಖಾನವನ್ನು ಮಡಿಲಲ್ಲಿಟ್ಟುಕೊಂಡು ಒಂದು ಹಿಂಡು ಜಿಂಕೆಯ ಹಿಂಭಾಗವನ್ನೂ ಒಂದು ಆನೆಯ ಬಾಲವನ್ನೂ ನೋಡಿ ಬಂದೆ. ಮುಂದೆ ಎಷ್ಟೋ ವರ್ಷಕ್ಕೆ, ಕಾಡಿನಿಂದ ಬಂದವರಿಗಾಗಿ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಮಾಡಿದ ಹಾಡಿಯಲ್ಲಿ, ಸಾಲುಮನೆಯ ಮುಂದೆ ಕೂತಿದ್ದ ಜೇನುಕುರುಬರ ಅಜ್ಜನೊಬ್ಬನ ಹತ್ತಿರ ಮಾತಾಡುತ್ತಿದ್ದೆ. ಹುಟ್ಟಿದ್ದು ಎಲ್ಲಿ ಎಂದು ಕೇಳಿದರೆ ಊರಿನ ಹೆಸರು ಹೇಳಲಿಲ್ಲ. ಕೈಯನ್ನು ಪಡುವಣಕ್ಕೆ ಚಾಚಿ, "ಪಾರ್ಕಲ್ಲಿ" ಎಂದ. ಸಂಜೆ ಆಡಲು ಹೋಗಿ ರಾತ್ರಿ ಗೇಟು ಹಾಕಿಸಿಕೊಂಡು ಹೊರಗೆ ಉಳಿದವನ ಹಾಗೆ.

ಟ್ರಾನ್ಸಿಸ್ಟರು ಬಂದು, ಟೀವಿ ಬಂದು, ನಮ್ಮೂರ ರೇಡಿಯೋ ಕೋಣೆಯಲ್ಲಿ ಪೊರಕೆ, ಬುಟ್ಟಿ ಸೇರಿದವು. ನಾನು ಮೈಸೂರು ಸೇರಿದೆ. ನಾನು ಈಗ ಸುತ್ತುವ ಪಾರ್ಕಿನ ಹತ್ತಿರವೇ ಆಕಾಶವಾಣಿ. ಆ ಹೆಸರೇ ಮೈಸೂರಿನದು. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಮೂವತ್ತು ವ್ಯಾಟಿನ ಪುಟ್ಟ ಯಂತ್ರವಿಟ್ಟು ಶುರುಮಾಡಿದ್ದು. ಪಾರ್ಕಿನಲ್ಲಿ ಸುತ್ತುವವರೆಲ್ಲರ ಕಿವಿಯಲ್ಲೂ ಈಗ ಒಂದೊಂದು ರೇಡಿಯೋ ಇದೆ, ಒಬ್ಬರದು ಇನ್ನೊಬ್ಬರಿಗೆ ಕೇಳುವುದಿಲ್ಲ. ಕಿವಿಯನ್ನು ಅದು ಆಕ್ರಮಿಸಿಕೊಂಡಿರುವುದರಿಂದ ಹಿಂಡಲು ಜಾಗವೂ ಇಲ್ಲ.

ಹೆಂಡತಿಯ ಮಾತಿಗೆ ಬೆಲೆ ಕೊಟ್ಟು ಒಂದು ಸೋಮವಾರ ಎಲ್ಲರ ಜೊತೆ ಬಲಕ್ಕೆ ಸುತ್ತಿದೆ. ನೀಲಿ ಟೋಪಿಯವರು ಹಿಂದಿನಿಂದ ಬಂದು ದಾಟುವಾಗ ಮೆಚ್ಚಿ ತಲೆದೂಗಿದರು. ನಲವತ್ತು ನಿಮಿಷ ಬರೀ ಬೆನ್ನುಗಳನ್ನು ನೋಡಿದೆ. ಬೆವರಿದ ಬೆನ್ನು, ಬಾಗಿದ ಬೆನ್ನು, ಬ್ಯಾಂಕಿನ ಜಾಹೀರಾತು ಅಚ್ಚುಹಾಕಿದ ಬೆನ್ನು. ಅಕ್ಕಪಕ್ಕದವರು ಮೈಗೆ ಮೈ ಒತ್ತಿಕೊಂಡು ನಡೆಯುತ್ತಿದ್ದರು. ತಾತ ಹೇಳಿದ ಸಾಕಾನೆಗಳು ನೆನಪಾದವು.

ಮಂಗಳವಾರ ಗೇಟಿನಾಚೆ ರಸ್ತೆಬದಿಯಲ್ಲಿ, ರಾತ್ರಿಯ ಗಾಳಿಗೆ ಒಂದು ಗೊಂಚಲು ಬಿದ್ದಿತ್ತು. ಕಂದು ಮಕಮಲ್ಲು. ಸುತ್ತ ನೋಡಿ, ಬಗ್ಗಿ, ಅಂಚಿನದೊಂದನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಒಳಗೆ ಹೋಗಿ ನನ್ನ ಹಳೇ ದಾರಿ ಹಿಡಿದೆ. ತಿರುವಿನಲ್ಲಿ ಬಿಳಿ ಟೀ ಶರ್ಟು ಎದುರಿನಿಂದ ಬರುತ್ತಿತ್ತು. ತೋರುಬೆರಳು ಆಗಲೇ ಮೇಲೆದ್ದಿತ್ತು. ಜೇಬಿನೊಳಗೇ ತುದಿಯನ್ನು ಉಗುರಿನಲ್ಲಿ ಚಿವುಟಿದೆ, ಚೂರೇ ಚೂರು.